ಆಬ್ಲಿವಿಯನ್‌ನಲ್ಲಿ ನಿಮ್ಮದೇ ಕ್ಲಾಸ್ ಕಟ್ಟುವ ಬಗೆ: ಸಮಗ್ರ ಮಾರ್ಗದರ್ಶಿ

‘ಆಬ್ಲಿವಿಯನ್’ ಎಂಬ ಕಂಪ್ಯೂಟರ್ ಆಟ ಸೆರೆಮನೆಯ ಕೋಣೆಯಲ್ಲಿ ಆರಂಭವಾಗುತ್ತದೆ. ಚಕ್ರವರ್ತಿ ಯೂರಿಯಲ್ ಸೆಪ್ಟಿಮ್ ತನ್ನ ಅಂಗರಕ್ಷಕರೊಂದಿಗೆ ಆ ಕೋಣೆಯ ಗುಪ್ತದಾರಿಯಿಂದ ತಪ್ಪಿಸಿಕೊಂಡು ಹೋಗುವಾಗ ನೀವೂ ಹಿಂದೆ ಸೇರಿಕೊಳ್ಳುತ್ತೀರಿ. ಸುರಂಗದ ಕೊನೆಯಲ್ಲಿ ಚಕ್ರವರ್ತಿ ಕೊಲೆಯಾದ ಮೇಲೆ ಬೋರಸ್ ಎಂಬ ಅಂಗರಕ್ಷಕ ನಿಮ್ಮನ್ನು ನೋಡಿ, ನಿಮ್ಮ ಕಸುಬು ಏನಿರಬಹುದೆಂದು ಊಹಿಸುತ್ತಾನೆ. ಪರದೆಯ ಮೇಲೆ ಕ್ಲಾಸ್‌ಗಳ, ಅಂದರೆ ಪಾತ್ರದ ಕಸುಬುಗಳ, ಪಟ್ಟಿ ತೆರೆದುಕೊಳ್ಳುವುದು ಆಗ. ಆಟವೇ ಸಿದ್ಧಪಡಿಸಿದ 21 ಕ್ಲಾಸ್‌ಗಳು ಅಲ್ಲಿವೆ. ಅವುಗಳ ಜೊತೆಗೆ ನಿಮ್ಮದೇ ಒಂದನ್ನು ಕಟ್ಟಿಕೊಳ್ಳುವ ಅವಕಾಶವೂ ಇದೆ. ಬಹುಪಾಲು ಹೊಸಬರು ಇಲ್ಲಿ ಎರಡು ನಿಮಿಷವನ್ನೂ ಕಳೆಯುವುದಿಲ್ಲ. ಆದರೆ ಮುಂದಿನ ನೂರು ಗಂಟೆಗಳ ಆಟ ಹೇಗಿರುತ್ತದೆ ಎಂಬುದು ಈ ಪರದೆಯ ಮೇಲೆಯೇ ನಿರ್ಧಾರವಾಗುತ್ತದೆ.

ಬೆಥೆಸ್ಡಾ ಸಂಸ್ಥೆಯ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಆಬ್ಲಿವಿಯನ್’ ಬಂದದ್ದು 2006ರ ಮಾರ್ಚ್‌ನಲ್ಲಿ. 2025ರ ಏಪ್ರಿಲ್‌ನಲ್ಲಿ ಅದರ ಮರುರೂಪ (ರಿಮಾಸ್ಟರ್) ಬಂದ ಮೇಲೆ ಹೊಸ ಪೀಳಿಗೆಯೊಂದು ಆಟ ನಡೆಯುವ ಸಿರೊಡಿಲ್ ಪ್ರಾಂತ್ಯಕ್ಕೆ ಕಾಲಿಟ್ಟಿದೆ. ಎರಡರಲ್ಲೂ ಕ್ಲಾಸ್ ಕಟ್ಟುವ ಪರದೆ ಹೆಚ್ಚುಕಡಿಮೆ ಒಂದೇ, ಅದರ ಹಿಂದಿನ ಲೆಕ್ಕ ಮಾತ್ರ ಬೇರೆ. ಹಳೆಯ ಆಟದ ಲೆಕ್ಕ ಹೆಚ್ಚು ಕಠಿಣ. ಅದನ್ನು ಅರ್ಥ ಮಾಡಿಕೊಂಡವರಿಗೆ ಹೊಸದು ತಾನಾಗಿಯೇ ತಿಳಿಯುವುದರಿಂದ ಮೊದಲು ಹಳೆಯದನ್ನೇ ವಿವರವಾಗಿ ಹೇಳುತ್ತೇನೆ. ಆಟದಲ್ಲಿ ಕನ್ನಡ ಇಲ್ಲ. ಹಾಗಾಗಿ ಕೌಶಲಗಳ ಹೆಸರುಗಳನ್ನು ಪರದೆಯ ಮೇಲೆ ಕಾಣುವಂತೆಯೇ ಉಳಿಸಿಕೊಂಡಿದ್ದೇನೆ.

ಕ್ಲಾಸ್ ಎಂದರೆ ಗಡಿಯಾರ

ನನ್ನ ಮೊದಲ ಪಾತ್ರದ ಕಥೆಯಿಂದಲೇ ವಿಷಯ ಸ್ಪಷ್ಟವಾಗುತ್ತದೆ. ಚುರುಕಾದ ಕಳ್ಳನೊಬ್ಬನನ್ನು ಮಾಡಬೇಕೆಂದು ಅಥ್ಲೆಟಿಕ್ಸ್ (ಓಟ), ಅಕ್ರೋಬ್ಯಾಟಿಕ್ಸ್ (ಜಿಗಿತ), ಸ್ನೀಕ್ (ಕಣ್ಣಿಗೆ ಬೀಳದೆ ಬಗ್ಗಿ ನಡೆಯುವುದು), ಸ್ಪೀಚ್‌ಕ್ರಾಫ್ಟ್ (ಮಾತುಗಾರಿಕೆ), ಮರ್ಕಂಟೈಲ್ (ವ್ಯಾಪಾರ), ಸೆಕ್ಯುರಿಟಿ (ಬೀಗ ತೆರೆಯುವುದು), ಲೈಟ್ ಆರ್ಮರ್ (ಹಗುರ ಕವಚ) ಎಂಬ ಏಳು ಮುಖ್ಯ ಕೌಶಲಗಳನ್ನು ಆರಿಸಿದ್ದೆ. ಊರಿಂದೂರಿಗೆ ಓಡಿದೆ, ಬಂಡೆಯಿಂದ ಬಂಡೆಗೆ ಜಿಗಿದೆ. ಲೆವೆಲ್ ಸರಸರನೆ ಏರಿತು. ಹನ್ನೆರಡನೇ ಲೆವೆಲ್ ಮುಟ್ಟಿದಾಗ ಆ ಕಳ್ಳನಿಗೆ ಕತ್ತಿ ಬೀಸಲೂ ಬರುತ್ತಿರಲಿಲ್ಲ, ಬಿಲ್ಲು ಹಿಡಿಯಲೂ ಬರುತ್ತಿರಲಿಲ್ಲ. ಎದುರಾಳಿಗಳು ಮಾತ್ರ ಹನ್ನೆರಡನೇ ಲೆವೆಲ್‌ನವರೇ ಆಗಿದ್ದರು. ಮುಖ್ಯ ಕಥೆಯಲ್ಲಿ ಬರುವ ಕ್ವಾಚ್ ನಗರದ ಮುಂದೆ, ಆಬ್ಲಿವಿಯನ್ ಎಂಬ ರಾಕ್ಷಸಲೋಕಕ್ಕೆ ತೆರೆದ ದ್ವಾರದೊಳಗೆ ಕಾಲಿಟ್ಟ ಆ ಸಂಜೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಲೂ ಆಗದೆ ಕೈಬಿಟ್ಟೆ.

ಈ ಆಟದಲ್ಲಿ ಲೋಕವೂ ನಿಮ್ಮೊಡನೆ ಬೆಳೆಯುತ್ತದೆ ಎಂಬುದು ಅಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಲೆವೆಲ್ ಏರಿದಂತೆ ಕಾಡಿನಲ್ಲಿ ತೋಳದ ಜಾಗಕ್ಕೆ ಕರಡಿ ಬರುತ್ತದೆ, ದಾರಿಗಳ್ಳರು ತೊಗಲಿನ ಕವಚ ಬಿಟ್ಟು ಗ್ಲಾಸ್ ಕವಚ ತೊಡುತ್ತಾರೆ. ಆ ಲೆವೆಲ್ ಏರುವುದಾದರೂ ಹೇಗೆ? ನೀವು ಆರಿಸಿದ ಏಳು ಮುಖ್ಯ ಕೌಶಲಗಳಲ್ಲಿ ಒಟ್ಟು ಹತ್ತು ಅಂಕ ಏರಿ, ನೀವು ಹಾಸಿಗೆಯಲ್ಲಿ ಮಲಗಿ ಎದ್ದರೆ ಒಂದು ಲೆವೆಲ್. ಉಳಿದ ಹದಿನಾಲ್ಕು ಕೌಶಲಗಳು ಎಷ್ಟೇ ಏರಲಿ, ಲೆವೆಲ್ ಕದಲುವುದಿಲ್ಲ. ಅಂದರೆ ಮುಖ್ಯ ಕೌಶಲಗಳನ್ನು ಆರಿಸುವಾಗ ನಿಮ್ಮ ಪಾತ್ರ ಯಾವುದರಲ್ಲಿ ನಿಪುಣ ಎಂದು ಹೇಳುವುದರ ಜೊತೆಗೆ, ಶತ್ರುಗಳನ್ನು ಬಲಪಡಿಸುವ ಗಡಿಯಾರಕ್ಕೂ ನೀವೇ ಕೀಲಿ ಕೊಡುತ್ತಿರುತ್ತೀರಿ. ನನ್ನ ಕಳ್ಳ ಓಡಿದಷ್ಟೂ ಆ ಗಡಿಯಾರ ಓಡಿತು. ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನ ಹೆಜ್ಜೆಗಳೆಲ್ಲ ಇದರಿಂದಲೇ ಹೊರಡುತ್ತವೆ.

ಮೊದಲ ಹೆಜ್ಜೆ: ಪರದೆ ಬಿಟ್ಟು ಕಾಗದ ಹಿಡಿಯಿರಿ

ಆಟ ತೆರೆಯುವ ಮುನ್ನ ಒಂದು ಹಾಳೆಯ ಮೇಲೆ ಮೂರೇ ಸಾಲು ಬರೆಯಿರಿ. ನನ್ನ ಪಾತ್ರ ದೂರದಿಂದ ಹೋರಾಡುತ್ತದೆಯೇ, ಹತ್ತಿರದಿಂದಲೇ? ಪೆಟ್ಟು ಬಿದ್ದರೆ ಹೇಗೆ ಬದುಕುತ್ತದೆ? ಹೋರಾಟ ಇಲ್ಲದ ಹೊತ್ತಿನಲ್ಲಿ ಏನು ಮಾಡುತ್ತದೆ?

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಈ ಆಟದ ಅರ್ಧ ಸಮಯ ಹೋರಾಟದ ಹೊರಗೇ ಕಳೆಯುತ್ತದೆ. ಗಿಡಮೂಲಿಕೆ ಕಿತ್ತು ಔಷಧ ಅರೆಯುವವನು, ಬೀಗ ತೆರೆಯುವವನು, ಮಾತಿನಲ್ಲೇ ಜನರನ್ನು ಒಲಿಸಿಕೊಳ್ಳುವವನು ಬೇರೆ ಬೇರೆ ದಿನಗಳನ್ನು ಬದುಕುತ್ತಾರೆ. ನಿಮಗೆ ಯಾವ ದಿನ ಇಷ್ಟ ಎಂಬುದನ್ನು ನೀವೇ ಹೇಳಬೇಕು.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಕಟ್ಟುವ ಪಾತ್ರ ಹೀಗಿದೆ: ಕಾಡಿನ ಅಂಚಿನಲ್ಲಿ ಬಿಲ್ಲು ಹಿಡಿದು ಓಡಾಡುವವಳು, ತನ್ನ ಗಾಯಕ್ಕೆ ತಾನೇ ಮದ್ದು ಮಾಡಿಕೊಳ್ಳುವವಳು, ಅನಿವಾರ್ಯವಾದರೆ ಸೊಂಟದ ಕತ್ತಿ ಎಳೆಯುವವಳು. ಅವಳ ಕ್ಲಾಸ್‌ಗೆ ‘ಕಾಡುಗಾವಲಿಗಿತ್ತಿ’ ಎಂದು ಹೆಸರಿಟ್ಟಿದ್ದೇನೆ. ಆಟ ಕನ್ನಡ ಲಿಪಿ ತೋರಿಸುವುದಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು. ಹಾಗೆ ಬರೆದರೂ ಪಾತ್ರದ ಪುಟ ತೆರೆದಾಗಲೆಲ್ಲ ಆ ಹೆಸರು ಕಂಡರೆ ಅವಳು ಇನ್ನಷ್ಟು ನನ್ನವಳಾಗುತ್ತಾಳೆ.

ಎರಡನೇ ಹೆಜ್ಜೆ: 21 ಕೌಶಲಗಳ ನಕ್ಷೆ

ಕೌಶಲಗಳು ಮೂರು ಗುಂಪುಗಳಲ್ಲಿವೆ, ಗುಂಪಿಗೆ ಏಳರಂತೆ. ಕಾಂಬ್ಯಾಟ್ ಗುಂಪಿನಲ್ಲಿ ಬ್ಲೇಡ್ (ಕತ್ತಿ), ಬ್ಲಂಟ್ (ಗದೆ, ಕೊಡಲಿ), ಹ್ಯಾಂಡ್ ಟು ಹ್ಯಾಂಡ್ (ಬರಿಗೈ), ಬ್ಲಾಕ್ (ಏಟು ತಡೆಯುವುದು), ಆರ್ಮರರ್ (ಆಯುಧ, ಕವಚಗಳ ರಿಪೇರಿ), ಹೆವಿ ಆರ್ಮರ್ (ಭಾರದ ಕವಚ), ಅಥ್ಲೆಟಿಕ್ಸ್. ಮ್ಯಾಜಿಕ್ ಗುಂಪಿನಲ್ಲಿ ಆಲ್ಕೆಮಿ (ಮದ್ದು ಅರೆಯುವುದು), ಆಲ್ಟರೇಶನ್, ಕಾಂಜುರೇಶನ್ (ಜೀವಿಗಳನ್ನು ಕರೆಸುವ ಮಂತ್ರ), ಡಿಸ್ಟ್ರಕ್ಷನ್ (ದಾಳಿಯ ಮಂತ್ರ), ಇಲ್ಯೂಷನ್ (ಮನಸ್ಸು ಮರುಳುಗೊಳಿಸುವ ಮಂತ್ರ), ಮಿಸ್ಟಿಸಿಸಂ, ರೆಸ್ಟೊರೇಶನ್ (ಗಾಯ ವಾಸಿಮಾಡುವ ಮಂತ್ರ). ಸ್ಟೆಲ್ತ್ ಗುಂಪಿನಲ್ಲಿ ಅಕ್ರೋಬ್ಯಾಟಿಕ್ಸ್, ಲೈಟ್ ಆರ್ಮರ್, ಮಾರ್ಕ್ಸ್‌ಮನ್ (ಬಿಲ್ಲುವಿದ್ಯೆ), ಮರ್ಕಂಟೈಲ್, ಸೆಕ್ಯುರಿಟಿ, ಸ್ನೀಕ್, ಸ್ಪೀಚ್‌ಕ್ರಾಫ್ಟ್.

ಇದು ಪರದೆಯ ಮೇಲೆ ಎದ್ದು ಕಾಣುವ ವಿಂಗಡಣೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಂಗಡಣೆ ಇದೆ: ಪ್ರತಿ ಕೌಶಲವೂ ಒಂದು ಗುಣದ ಅಡಿಯಲ್ಲಿ ಬರುತ್ತದೆ. ಪಾತ್ರಕ್ಕೆ ಎಂಟು ಗುಣಗಳಿವೆ, ಅವುಗಳಲ್ಲಿ ಏಳಕ್ಕೆ ತಲಾ ಮೂರು ಕೌಶಲ.

ಸ್ಟ್ರೆಂತ್‌ಗೆ ಬ್ಲೇಡ್, ಬ್ಲಂಟ್, ಹ್ಯಾಂಡ್ ಟು ಹ್ಯಾಂಡ್.
ಎಂಡ್ಯುರೆನ್ಸ್‌ಗೆ ಬ್ಲಾಕ್, ಆರ್ಮರರ್, ಹೆವಿ ಆರ್ಮರ್.
ಸ್ಪೀಡ್‌ಗೆ ಅಥ್ಲೆಟಿಕ್ಸ್, ಅಕ್ರೋಬ್ಯಾಟಿಕ್ಸ್, ಲೈಟ್ ಆರ್ಮರ್.
ಅಜಿಲಿಟಿಗೆ ಮಾರ್ಕ್ಸ್‌ಮನ್, ಸೆಕ್ಯುರಿಟಿ, ಸ್ನೀಕ್.
ಪರ್ಸನಾಲಿಟಿಗೆ ಇಲ್ಯೂಷನ್, ಮರ್ಕಂಟೈಲ್, ಸ್ಪೀಚ್‌ಕ್ರಾಫ್ಟ್.
ಇಂಟೆಲಿಜೆನ್ಸ್‌ಗೆ ಆಲ್ಕೆಮಿ, ಕಾಂಜುರೇಶನ್, ಮಿಸ್ಟಿಸಿಸಂ.
ವಿಲ್‌ಪವರ್‌ಗೆ ಆಲ್ಟರೇಶನ್, ಡಿಸ್ಟ್ರಕ್ಷನ್, ರೆಸ್ಟೊರೇಶನ್.

ಎಂಟನೆಯದು ಲಕ್. ಅದರ ಅಡಿಯಲ್ಲಿ ಯಾವ ಕೌಶಲವೂ ಇಲ್ಲ.

ಲೆವೆಲ್ ಏರಿದಾಗ ನೀವು ಮೂರು ಗುಣಗಳನ್ನು ಆರಿಸಿ ಹೆಚ್ಚಿಸುತ್ತೀರಿ. ಎಷ್ಟು ಹೆಚ್ಚಾಗುತ್ತದೆ ಎಂಬುದು ಹಿಂದಿನ ಲೆವೆಲ್‌ನಿಂದ ಈಚೆಗೆ ಆ ಗುಣದ ಕೌಶಲಗಳು ಎಷ್ಟು ಏರಿವೆ ಎಂಬುದರ ಮೇಲೆ ನಿಂತಿದೆ. ಏನೂ ಏರದಿದ್ದರೆ 1 ಅಂಕ, ಒಂದರಿಂದ ನಾಲ್ಕು ಏರಿಕೆಗೆ 2, ಐದರಿಂದ ಏಳಕ್ಕೆ 3, ಎಂಟು–ಒಂಬತ್ತಕ್ಕೆ 4, ಹತ್ತು ಅಥವಾ ಹೆಚ್ಚಾದರೆ 5. ಮುಖ್ಯವಲ್ಲದ ಕೌಶಲಗಳ ಏರಿಕೆಯೂ ಈ ಲೆಕ್ಕಕ್ಕೆ ಬರುತ್ತದೆ. ಲೆವೆಲ್ ಏರಿಸದ ಕೌಶಲ ಗುಣವನ್ನು ಮಾತ್ರ ಏರಿಸುತ್ತದೆ. ಇದು ಇಡೀ ವ್ಯವಸ್ಥೆಯ ತಿರುಗಣೆ.

ಎರಡು ಗುಣಗಳಿಗೆ ತಲಾ 5 ಅಂಕ ಬೇಕಾದರೆ ಇಪ್ಪತ್ತು ಏರಿಕೆಗಳು ಬೇಕು. ಅವೆಲ್ಲವೂ ಮುಖ್ಯ ಕೌಶಲಗಳಿಂದಲೇ ಬರಬೇಕಾದರೆ ಮೊದಲ ಹತ್ತಕ್ಕೇ ಲೆವೆಲ್ ತುಂಬಿಬಿಡುತ್ತದೆ. ಒಂದು ಗುಣದ ಮೂರೂ ಕೌಶಲಗಳನ್ನು ಮುಖ್ಯವಾಗಿಸಿಕೊಂಡವರು ಸಿಕ್ಕಿಕೊಳ್ಳುವುದು ಇಲ್ಲೇ. ಆದ್ದರಿಂದ ಯಾವ ಗುಣ ಬೇಗ ಬೆಳೆಯಬೇಕೋ ಅದರ ಒಂದಾದರೂ ಕೌಶಲವನ್ನು ಮುಖ್ಯ ಪಟ್ಟಿಯಿಂದ ಹೊರಗಿಡಿ. ಸಾಧ್ಯವಾದರೆ ಎರಡನ್ನು.

ಮೂರನೇ ಹೆಜ್ಜೆ: ಅಪ್ಪಣೆ ಕೇಳುವ ಕೌಶಲ, ಕೇಳದ ಕೌಶಲ

ಏಳನ್ನು ಆರಿಸುವ ಮುನ್ನ ನಾನು ಪ್ರತಿ ಕೌಶಲಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ಏರಲು ನನ್ನ ಅಪ್ಪಣೆ ಬೇಕೇ?

ಆಲ್ಕೆಮಿಗೆ ಬೇಕು. ಕುಟ್ಟಾಣಿ ತೆಗೆದು ಮದ್ದು ಅರೆದರೆ ಅದು ಏರುತ್ತದೆ. ರೆಸ್ಟೊರೇಶನ್, ಇಲ್ಯೂಷನ್, ಕಾಂಜುರೇಶನ್ ಮುಂತಾದ ಮಂತ್ರವಿದ್ಯೆಗಳೂ ಹಾಗೆಯೇ. ಆರ್ಮರರ್‌ಗೆ ರಿಪೇರಿ ಸುತ್ತಿಗೆ ಎತ್ತಬೇಕು. ಸೆಕ್ಯುರಿಟಿಗೆ ಬೀಗದ ಮುಂದೆ ಕೂರಬೇಕು. ಅಥ್ಲೆಟಿಕ್ಸ್ ಮಾತ್ರ ಓಡಿದರೆ ಸಾಕು, ಏರುತ್ತದೆ. ಅಕ್ರೋಬ್ಯಾಟಿಕ್ಸ್ ಜಿಗಿದರೆ ಏರುತ್ತದೆ, ಬಿದ್ದು ಪೆಟ್ಟಾದರೂ ಏರುತ್ತದೆ. ಕವಚದ ಕೌಶಲಗಳು ಏರುವುದು ಶತ್ರುವಿನ ಏಟಿನಿಂದ. ಈ ಕೊನೆಯ ನಾಲ್ಕು ಅಪ್ಪಣೆ ಕೇಳುವುದಿಲ್ಲ.

ಕೆಲವು ಹಳಬರು ಇದನ್ನೇ ತುದಿಗೊಯ್ಯುತ್ತಾರೆ. ತಾವು ಬಳಸದ ಏಳು ಕೌಶಲಗಳನ್ನೇ ಮುಖ್ಯವಾಗಿಸಿಕೊಂಡು, ಬಳಸುವುದನ್ನೆಲ್ಲ ಹೊರಗಿಟ್ಟು, ಲೆವೆಲ್ ಏರಬೇಕೆನಿಸಿದಾಗ ಮಾತ್ರ ಆ ಏಳನ್ನು ಅಭ್ಯಾಸ ಮಾಡುತ್ತಾರೆ. ಲೆಕ್ಕದಲ್ಲಿ ಅದು ಸರಿ. ನನಗೆ ಅದು ಒಗ್ಗುವುದಿಲ್ಲ. ಬಿಲ್ಲುಗಾರ್ತಿಯ ಹಾಳೆಯಲ್ಲಿ ಬಿಲ್ಲೇ ಮುಖ್ಯವಲ್ಲ ಎಂದಾದರೆ ಅವಳು ಬಿಲ್ಲುಗಾರ್ತಿಯಾಗಿ ಉಳಿಯುವುದಿಲ್ಲ. ಜೊತೆಗೆ ಒಂದು ನಷ್ಟವೂ ಇದೆ. ಮುಖ್ಯ ಕೌಶಲಗಳು 25 ಅಂಕದಿಂದ ಆರಂಭವಾಗುತ್ತವೆ, ಉಳಿದವು 5ರಿಂದ. ಬಳಸುವ ಆಯುಧವೇ 5ರಲ್ಲಿದ್ದರೆ ಮೊದಲ ಕೆಲವು ಗಂಟೆ ಇಲಿ ಹೊಡೆಯುವುದೂ ಪ್ರಯಾಸವೇ.

ನಾನು ಹಿಡಿಯುವ ದಾರಿ ನಡುವಿನದು. ಪಾತ್ರದ ಜೀವಾಳವಾದ ಮೂರೋ ನಾಲ್ಕೋ ಕೌಶಲಗಳನ್ನು ಮನಸ್ಸು ಹೇಳಿದಂತೆ ಮುಖ್ಯವಾಗಿಸಿ. ಉಳಿದ ಸ್ಥಾನಗಳನ್ನು ಅಪ್ಪಣೆ ಕೇಳುವ ಕೌಶಲಗಳಿಂದ ತುಂಬಿ. ಅಥ್ಲೆಟಿಕ್ಸ್ ಮತ್ತು ಅಕ್ರೋಬ್ಯಾಟಿಕ್ಸ್ ಎರಡನ್ನೂ ಯಾವ ಕಾರಣಕ್ಕೂ ಮುಖ್ಯವಾಗಿಸಬೇಡಿ.

ಕಾಡುಗಾವಲಿಗಿತ್ತಿಯ ಏಳು ಹೀಗಿವೆ: ಮಾರ್ಕ್ಸ್‌ಮನ್, ಬ್ಲೇಡ್, ಲೈಟ್ ಆರ್ಮರ್, ಆಲ್ಕೆಮಿ, ರೆಸ್ಟೊರೇಶನ್, ಇಲ್ಯೂಷನ್, ಸೆಕ್ಯುರಿಟಿ. ಮೊದಲ ಐದು ಅವಳ ಬದುಕು. ಲೈಟ್ ಆರ್ಮರ್ ಅಪ್ಪಣೆ ಕೇಳದ ಕೌಶಲವೇ ಆದರೂ ದೂರದಿಂದ ಬಾಣ ಬಿಡುವವಳಿಗೆ ಏಟು ಬೀಳುವುದು ಕಡಿಮೆ. ಕೊನೆಯ ಎರಡು ಕೇಳಿದಾಗ ಮಾತ್ರ ಏರುತ್ತವೆ. ಸ್ನೀಕ್ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿ. ಬಿಲ್ಲುಗಾರ್ತಿ ಕಾಡಿನಲ್ಲಿ ದಿನವಿಡೀ ಬಗ್ಗಿಯೇ ನಡೆಯುತ್ತಾಳೆ. ಅದು ಮುಖ್ಯವಾಗಿದ್ದರೆ ಗಡಿಯಾರ ನಿಲ್ಲುತ್ತಲೇ ಇರಲಿಲ್ಲ. ಹೊರಗಿಟ್ಟಿದ್ದರಿಂದ ಅವಳು ಹತ್ತಿರದವರ ಕಣ್ಣಿಗೆ ಬೀಳದೆ ಬಗ್ಗಿ ನಡೆದ ಹೆಜ್ಜೆಗಳೆಲ್ಲ ಅಜಿಲಿಟಿಯ ಲೆಕ್ಕಕ್ಕೆ ಸೇರುತ್ತವೆ, ಲೆವೆಲ್ ಮುಟ್ಟುವುದಿಲ್ಲ.

ನಾಲ್ಕನೇ ಹೆಜ್ಜೆ: ಸ್ಪೆಶಲೈಸೇಶನ್

ಇದು ಸುಲಭ. ಮೂರು ಗುಂಪುಗಳಲ್ಲಿ ಒಂದನ್ನು ಆರಿಸಿದರೆ ಆ ಗುಂಪಿನ ಏಳೂ ಕೌಶಲಗಳಿಗೆ 5 ಅಂಕ ಸಿಗುತ್ತದೆ, ಅವು ಮುಂದೆ ಬೇಗ ಏರುತ್ತವೆ ಕೂಡ. ನಿಧಾನವಾಗಿ ಏರುವ ಕೌಶಲಗಳು ನಿಮ್ಮ ಪಟ್ಟಿಯಲ್ಲಿ ಹೆಚ್ಚಿದ್ದರೆ ಅವುಗಳ ಗುಂಪನ್ನೇ ಆರಿಸಿ. ರೆಸ್ಟೊರೇಶನ್, ಮರ್ಕಂಟೈಲ್ ಬಹಳ ನಿಧಾನ. ಆಲ್ಕೆಮಿಗೆ ಯಾರ ಸಹಾಯವೂ ಬೇಡ, ಹೊಲದ ತರಕಾರಿ ಕಿತ್ತು ಆಯಾಸ ನೀಗಿಸುವ ಮದ್ದು ಅರೆಯುತ್ತ ಕೂತರೆ ಒಂದೇ ಮಧ್ಯಾಹ್ನದಲ್ಲಿ ಬಹಳಷ್ಟು ಏರುತ್ತದೆ. ನನ್ನ ಪಾತ್ರಕ್ಕೆ ಸ್ಟೆಲ್ತ್ ಆರಿಸಿದೆ, ಬಿಲ್ಲು ಮತ್ತು ಸ್ನೀಕ್ ಎರಡಕ್ಕೂ ಲಾಭವಾಯಿತು.

ಐದನೇ ಹೆಜ್ಜೆ: ಎರಡು ನೆಚ್ಚಿನ ಗುಣಗಳು

ಕ್ಲಾಸ್ ಪರದೆಯಲ್ಲಿ ಎರಡು ಗುಣಗಳನ್ನು ಆರಿಸಿದರೆ ಎರಡಕ್ಕೂ 5 ಅಂಕ. ಎಲ್ಲ ಗುಣಗಳ ಮಿತಿ 100. ಹಾಗಾಗಿ ಸುಲಭವಾಗಿ 100 ಮುಟ್ಟುವ ಗುಣಕ್ಕೆ ಈ ಐದು ಅಂಕ ಕೊಟ್ಟರೆ ಒಂದು ಲೆವೆಲ್ ಮೊದಲು ತಲಪುತ್ತೀರಿ, ಅಷ್ಟೇ. ಎರಡು ಗುಣಗಳ ಕಥೆ ಮಾತ್ರ ಬೇರೆ.

ಮೊದಲನೆಯದು ಎಂಡ್ಯುರೆನ್ಸ್. ಪಾತ್ರದ ಜೀವಬಲ ಎಂಡ್ಯುರೆನ್ಸ್‌ನ ಎರಡು ಪಟ್ಟಿನಿಂದ ಆರಂಭವಾಗುತ್ತದೆ. ಪ್ರತಿ ಲೆವೆಲ್‌ಗೂ ಆ ಹೊತ್ತಿನ ಎಂಡ್ಯುರೆನ್ಸ್‌ನ ಹತ್ತನೇ ಒಂದು ಭಾಗ ಸೇರುತ್ತದೆ. 40 ಇದ್ದರೆ ಲೆವೆಲ್‌ಗೆ 4, 100 ಇದ್ದರೆ 10. ಇಪ್ಪತ್ತು ಲೆವೆಲ್‌ಗಳಲ್ಲಿ ಈ ಎರಡರ ಅಂತರ 120. ತಡವಾಗಿ ಎಂಡ್ಯುರೆನ್ಸ್ ಬೆಳೆಸಿದರೆ ಕಳೆದುಹೋದ ಲೆವೆಲ್‌ಗಳ ಪಾಲು ಮರಳಿ ಬರುವುದಿಲ್ಲ. ಮಂತ್ರವಾದಿಯೇ ಇರಲಿ, ಕಳ್ಳನೇ ಇರಲಿ, ಮೊದಲ ಲೆವೆಲ್‌ನಿಂದಲೇ ಇದನ್ನು ಬೆಳೆಸಿ.

ಎರಡನೆಯದು ಲಕ್. ಎಲ್ಲರಿಗೂ ಆರಂಭದಲ್ಲಿ 50. ಅದಕ್ಕೆ ಕೌಶಲಗಳಿಲ್ಲದ ಕಾರಣ ಲೆವೆಲ್‌ಗೆ 1 ಅಂಕಕ್ಕಿಂತ ಹೆಚ್ಚು ಎಂದೂ ಏರುವುದಿಲ್ಲ. ಬೇರೆ ಗುಣದಲ್ಲಿ ಒಂದೇ ಲೆವೆಲ್‌ನಲ್ಲಿ ಸಿಗುವ ಐದು ಅಂಕ ಇಲ್ಲಿ ಐದು ಲೆವೆಲ್‌ಗಳ ದುಡಿಮೆ. ಪ್ರತಿಫಲವೂ ಸಣ್ಣದಲ್ಲ: 50ರ ಮೇಲಿನ ಪ್ರತಿ ಲಕ್ ಅಂಕವೂ ಬಹುತೇಕ ಕೌಶಲಗಳಿಗೆ 0.4 ಅಂಕದಷ್ಟು ಬಲ ಕೂಡಿಸುತ್ತದೆ. ಲಕ್ 65 ಆದಾಗ ನಿಮ್ಮ ಬಿಲ್ಲು, ಕತ್ತಿ, ಸ್ನೀಕ್ ಎಲ್ಲವೂ ಇರುವುದಕ್ಕಿಂತ 6 ಅಂಕ ಹೆಚ್ಚಿದ್ದಂತೆ ವರ್ತಿಸುತ್ತವೆ.

ಹಾಗಾಗಿ ನನ್ನ ಆಯ್ಕೆ ಎಂಡ್ಯುರೆನ್ಸ್ ಮತ್ತು ಲಕ್. ಯಾವ ಕ್ಲಾಸ್ ಆದರೂ ಬಹುಪಾಲು ಇದೇ ನನ್ನ ಉತ್ತರ.

ಆರನೇ ಹೆಜ್ಜೆ: ಜನಾಂಗ ಮತ್ತು ಜನ್ಮರಾಶಿ

ಕ್ರಮದಲ್ಲಿ ಇವು ಕ್ಲಾಸ್‌ಗಿಂತ ಮೊದಲೇ ಬರುತ್ತವೆ. ಜನಾಂಗವನ್ನು ಸೆರೆಕೋಣೆಯಲ್ಲೇ ಆರಿಸಬೇಕು, ರಾಶಿಯನ್ನು ಸುರಂಗದ ನಡುವೆ ಚಕ್ರವರ್ತಿ ಕೇಳುತ್ತಾನೆ. ಆದರೆ ಯೋಚಿಸಬೇಕಾದದ್ದು ಕ್ಲಾಸ್ ನಿರ್ಧಾರವಾದ ಮೇಲೆ. ಕಾಗದದ ಕೆಲಸ ಮೊದಲು ಎಂದದ್ದು ಇದಕ್ಕೇ.

ಹತ್ತು ಜನಾಂಗಗಳಲ್ಲಿ ವುಡ್ ಎಲ್ಫ್‌ಗಳಿಗೆ ಬಿಲ್ಲುವಿದ್ಯೆ ಹುಟ್ಟಿನಿಂದಲೇ ಬಂದದ್ದು. ಮಾರ್ಕ್ಸ್‌ಮನ್‌ನಲ್ಲಿ 10 ಅಂಕ ಹೆಚ್ಚು. ಮುಖ್ಯ ಕೌಶಲದ 25, ಸ್ಟೆಲ್ತ್‌ನ 5 ಸೇರಿ ಕಾಡುಗಾವಲಿಗಿತ್ತಿ 40ರಿಂದ ಆರಂಭಿಸುತ್ತಾಳೆ. ಮಂತ್ರದತ್ತ ಒಲವಿರುವವರಿಗೆ ಬ್ರೆಟನ್ ಜನಾಂಗವನ್ನು ಕಣ್ಣುಮುಚ್ಚಿ ಹೇಳುತ್ತೇನೆ. ಹುಟ್ಟಿನಿಂದಲೇ ಮಾಂತ್ರಿಕ ದಾಳಿಯ ಅರ್ಧವನ್ನು ತಡೆಯುವ ಶಕ್ತಿ ಅವರಿಗಿದೆ. ಹೈ ಎಲ್ಫ್‌ಗಳ ಮಂತ್ರಶಕ್ತಿ ಅದಕ್ಕೂ ಹೆಚ್ಚು, ಆದರೆ ಬೆಂಕಿ, ಹಿಮ, ಮಿಂಚು ಮೂರಕ್ಕೂ ಅವರ ಮೈ ಮೆತ್ತಗೆ.

ಹದಿಮೂರು ರಾಶಿಗಳಲ್ಲಿ ಗುಣಗಳನ್ನು ಏರಿಸುವವು ಕೆಲವು. ವಾರಿಯರ್ ರಾಶಿ ಸ್ಟ್ರೆಂತ್ ಮತ್ತು ಎಂಡ್ಯುರೆನ್ಸ್‌ಗೆ ತಲಾ 10 ಕೊಡುತ್ತದೆ, ಲೇಡಿ ರಾಶಿ ಎಂಡ್ಯುರೆನ್ಸ್ ಮತ್ತು ವಿಲ್‌ಪವರ್‌ಗೆ ತಲಾ 10, ಥೀಫ್ ರಾಶಿ ಅಜಿಲಿಟಿ, ಸ್ಪೀಡ್, ಲಕ್ ಮೂರಕ್ಕೂ ತಲಾ 10. ಗುಣಗಳಿಗೆ 100ರ ಮಿತಿ ಇರುವುದರಿಂದ ಇವು ಬಹುಮಟ್ಟಿಗೆ ಆರಂಭದ ಊರುಗೋಲು, ಲಕ್‌ನ 10 ಅಂಕವನ್ನು ಬಿಟ್ಟು. ಮಂತ್ರಶಕ್ತಿ ಕೊಡುವ ರಾಶಿಗಳ ಫಲ ಕೊನೆಯವರೆಗೂ ಇರುತ್ತದೆ: ಮೇಜ್ 50, ಅಪ್ರೆಂಟಿಸ್ 100, ಅಟ್ರೊನಾಕ್ 150. ಬೆಲೆಯೂ ಅಷ್ಟೇ ದೊಡ್ಡದು. ಅಪ್ರೆಂಟಿಸ್ ರಾಶಿಯವರಿಗೆ ಮಾಂತ್ರಿಕ ದಾಳಿಯ ಪೆಟ್ಟು ಇಮ್ಮಡಿಯಾಗುತ್ತದೆ. ಅಟ್ರೊನಾಕ್ ರಾಶಿಯವರಿಗೆ ಮಂತ್ರಶಕ್ತಿ ತಾನಾಗಿ ತುಂಬಿಕೊಳ್ಳುವುದೇ ಇಲ್ಲ. ತಮ್ಮ ಮೇಲೆ ಬಂದ ಮಂತ್ರಗಳನ್ನು ಅರ್ಧದಷ್ಟು ಸಂದರ್ಭದಲ್ಲಿ ನುಂಗಿಕೊಂಡೋ, ಮದ್ದು ಕುಡಿದೋ ತುಂಬಿಸಿಕೊಳ್ಳಬೇಕು. ಆಲ್ಕೆಮಿ ಕಲಿಯುವ ಮನಸ್ಸಿದ್ದರೆ ಅಟ್ರೊನಾಕ್ ನನಗೆ ಬಹಳ ಇಷ್ಟದ ರಾಶಿ. ಇಲ್ಲದಿದ್ದರೆ ಅದರ ಹತ್ತಿರ ಹೋಗಬೇಡಿ.

ವುಡ್ ಎಲ್ಫ್‌ಗಳ ಮೈ ಸಹಜವಾಗಿ ಗಟ್ಟಿಯಲ್ಲ. ಅದಕ್ಕೇ ನನ್ನ ಪಾತ್ರಕ್ಕೆ ಲೇಡಿ ರಾಶಿ. ನೆಚ್ಚಿನ ಗುಣದ 5, ರಾಶಿಯ 10 ಸೇರಿ ಎಂಡ್ಯುರೆನ್ಸ್‌ನ ಕೊರತೆಯಲ್ಲಿ 15 ಅಂಕ ತುಂಬಿತು.

ಏಳನೇ ಹೆಜ್ಜೆ: ಚರಂಡಿಯ ಬಾಗಿಲಲ್ಲಿ ಸೇವ್ ಮಾಡಿ

ಸುರಂಗ ಮುಗಿದ ಮೇಲೆ ಸಿಗುವ ಚರಂಡಿಯಿಂದ ಹೊರಬೀಳುವ ಕೊನೆಯ ಬಾಗಿಲಲ್ಲಿ ಆಟ ಇನ್ನೊಮ್ಮೆ ಕೇಳುತ್ತದೆ: ಹೆಸರು, ಜನಾಂಗ, ರಾಶಿ, ಕ್ಲಾಸ್ ಯಾವುದನ್ನಾದರೂ ಬದಲಿಸುತ್ತೀರಾ? ಆ ಬಾಗಿಲು ಮುಟ್ಟುವ ಮುನ್ನ ಪ್ರತ್ಯೇಕವಾಗಿ ಸೇವ್ ಮಾಡಿ, ಆ ಸೇವ್ ಅನ್ನು ಎಂದೂ ಅಳಿಸಬೇಡಿ. ಮುಂದೆ ಹತ್ತು ಬೇರೆ ಪಾತ್ರಗಳನ್ನು ಕಟ್ಟಬೇಕೆನಿಸಿದರೂ ಸೆರೆಮನೆಯಿಂದ ಆರಂಭಿಸುವ ಕಷ್ಟ ಇರುವುದಿಲ್ಲ.

ಬಾಗಿಲು ದಾಟಿದರೆ ಎದುರಿಗೆ ನೀರು, ನೀರಿನಾಚೆ ಬಿಳಿಗಲ್ಲಿನ ಪಾಳು. ಅದರ ಹೆಸರು ವಿಲ್ವೆರಿನ್. ಮೇಲಿನ ಭಾಗದಲ್ಲಿ ದಾರಿಗಳ್ಳರು, ಕೆಳಗಿಳಿದಂತೆ ಎದ್ದು ಬರುವ ಹೆಣಗಳು. ಕ್ಲಾಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮನುಷ್ಯ ಶತ್ರು, ಸತ್ತ ಶತ್ರು, ಬೀಗ ಹಾಕಿದ ಪೆಟ್ಟಿಗೆ, ಕತ್ತಲೆ ಎಲ್ಲವೂ ಅಲ್ಲಿವೆ. ಎರಡು ಮೂರು ಗಂಟೆ ಅಲ್ಲಿ ಆಡಿ, ಹೊರಬಂದು ಕೌಶಲಗಳ ಪುಟ ತೆರೆದು ನೋಡಿ. ಮುಖ್ಯ ಎಂದು ಆರಿಸಿದ್ದರಲ್ಲಿ ಒಮ್ಮೆಯೂ ಮುಟ್ಟದ ಕೌಶಲ ಯಾವುದು? ಮುಖ್ಯವಲ್ಲ ಎಂದದ್ದರಲ್ಲಿ ಕೈ ಮತ್ತೆ ಮತ್ತೆ ಹೋದದ್ದು ಯಾವುದಕ್ಕೆ? ನಾನು ಕಾಡುಗಾವಲಿಗಿತ್ತಿಯನ್ನು ಮೊದಲು ಕಟ್ಟಿದಾಗ ಸೆಕ್ಯುರಿಟಿಯ ಜಾಗದಲ್ಲಿ ಸ್ಪೀಚ್‌ಕ್ರಾಫ್ಟ್ ಇಟ್ಟಿದ್ದೆ. ವಿಲ್ವೆರಿನ್‌ನಲ್ಲಿ ಮಾತನಾಡಲು ಯಾರೂ ಸಿಗಲಿಲ್ಲ, ಬೀಗಗಳು ಸಿಕ್ಕವು. ಮರಳಿ ಬಾಗಿಲಿನ ಸೇವ್‌ಗೆ ಹೋಗಿ ಬದಲಿಸಿದೆ. ನೀವೂ ಹಿಂಜರಿಯಬೇಡಿ. ಮೂರು ಗಂಟೆಯ ಆಟ ಬಿಟ್ಟುಕೊಟ್ಟು ಮೂವತ್ತು ಗಂಟೆಯ ಬೇಸರ ತಪ್ಪಿಸಿಕೊಳ್ಳುತ್ತೀರಿ.

ಎಂಟನೇ ಹೆಜ್ಜೆ: ಒಂದು ಲೆವೆಲ್‌ನ ದಿನಚರಿ

ಕ್ಲಾಸ್ ಕಟ್ಟಿದ ಮೇಲೆ ಅದರೊಡನೆ ಬದುಕುವುದನ್ನು ಒಂದೇ ಒಂದು ಲೆವೆಲ್‌ನ ಲೆಕ್ಕದಲ್ಲಿ ತೋರಿಸುತ್ತೇನೆ.

ಮಾರ್ಕ್ಸ್‌ಮನ್ 4, ಲೈಟ್ ಆರ್ಮರ್ 2, ಆಲ್ಕೆಮಿ 2, ರೆಸ್ಟೊರೇಶನ್ 1, ಬ್ಲೇಡ್ 1. ಮುಖ್ಯ ಕೌಶಲಗಳಲ್ಲಿ ಹತ್ತು ಏರಿಕೆ, ಲೆವೆಲ್ ಸಿದ್ಧ. ಮಲಗುವ ಮುನ್ನ ಉಳಿದವನ್ನು ನೋಡುತ್ತೇನೆ. ಕಾಡಿನಲ್ಲಿ ಬಗ್ಗಿ ನಡೆದು ಸ್ನೀಕ್ 6 ಏರಿದೆ. ಮಾರ್ಕ್ಸ್‌ಮನ್‌ನ 4 ಸೇರಿ ಅಜಿಲಿಟಿಯ ಲೆಕ್ಕ ಹತ್ತು, ಅಂದರೆ ಪೂರ್ತಿ 5 ಅಂಕ. ದಾರಿಗಳ್ಳರ ಹಾಳಾದ ಕವಚಗಳನ್ನು ಸುತ್ತಿಗೆಯಿಂದ ರಿಪೇರಿ ಮಾಡಿ ಆರ್ಮರರ್ 5 ಏರಿದೆ. ಇನ್ನೈದು ಬೇಕು. ಹಣ ಕೊಟ್ಟು ತರಬೇತುದಾರರಿಂದ ಒಂದು ಲೆವೆಲ್‌ಗೆ ಐದು ಬಾರಿ ಮಾತ್ರ ಕಲಿಯಬಹುದು. ಆ ಐದನ್ನೂ ಆರ್ಮರರ್‌ಗೇ ಕೊಡುತ್ತೇನೆ. ಎಂಡ್ಯುರೆನ್ಸ್‌ಗೂ 5 ಸಿಕ್ಕಿತು. ಮೂರನೆಯ ಆಯ್ಕೆ ಲಕ್, 1 ಅಂಕ. ಈಗ ಮಲಗಬಹುದು.

ಹೀಗೆ ಹತ್ತು–ಹನ್ನೆರಡು ಲೆವೆಲ್ ನಡೆದರೆ ಅಜಿಲಿಟಿ ಮತ್ತು ಎಂಡ್ಯುರೆನ್ಸ್ 100 ಮುಟ್ಟುತ್ತವೆ. ಈ ನಡುವೆಯೇ ಆರ್ಮರರ್ ಏರುವುದು ನಿಧಾನವಾಗುತ್ತದೆ. ಆಗ ಎಡಗೈಗೆ ಗುರಾಣಿ ಕೊಟ್ಟು ಬ್ಲಾಕ್ ಕಲಿಸಿ, ಅದೂ ಎಂಡ್ಯುರೆನ್ಸ್‌ನದೇ ಕೌಶಲ. ಆರ್ಮರರ್ 50 ದಾಟಿದ ಮೇಲೆ ಮಾಂತ್ರಿಕ ಆಯುಧಗಳನ್ನೂ ನೀವೇ ರಿಪೇರಿ ಮಾಡಬಹುದು, 75 ದಾಟಿದರೆ ಆಯುಧವನ್ನು ಮಾಮೂಲಿಗಿಂತ ಹೆಚ್ಚು ಹರಿತಗೊಳಿಸಬಹುದು. ಅಂಕಕ್ಕಾಗಿ ಕಲಿತದ್ದು ನಿಜಕ್ಕೂ ಉಪಯೋಗಕ್ಕೆ ಬರುವ ಸಂತೋಷ ಅದು.

ರೆಸ್ಟೊರೇಶನ್ ಬಗ್ಗೆ ಒಂದು ಮಾತು. ಹಳೆಯ ಆಟದಲ್ಲಿ ಮಂತ್ರ ದೊಡ್ಡದೇ ಚಿಕ್ಕದೇ ಎಂಬುದಕ್ಕೆ ಬೆಲೆಯಿಲ್ಲ, ಎಷ್ಟು ಬಾರಿ ಹೇಳಿದಿರಿ ಎಂಬುದಕ್ಕಿದೆ. ಆರಂಭದಲ್ಲೇ ಎಲ್ಲರಿಗೂ ಸಿಗುವ, ಚಿಕ್ಕ ಗಾಯ ವಾಸಿಮಾಡುವ ಮಂತ್ರವನ್ನು ದಾರಿ ನಡೆಯುವಾಗಲೆಲ್ಲ ಹೇಳುತ್ತಿರಿ.

ಪ್ರತಿ ಲೆವೆಲ್‌ನಲ್ಲೂ ಹೀಗೆ ಲೆಕ್ಕ ಹಾಕಬೇಕೇ ಎಂದು ಕೇಳಿದರೆ, ಬೇಡ. ಎಂಡ್ಯುರೆನ್ಸ್ ತುಂಬುವವರೆಗೆ ಹಾಕಿ, ಆಮೇಲೆ ಹಾಳೆಯನ್ನು ಮಡಿಸಿಡಿ. ಕ್ವಾಚ್‌ಗೆ ಮಾತ್ರ ಹತ್ತನೇ ಲೆವೆಲ್‌ಗೆ ಮುನ್ನ ಹೋಗಿಬನ್ನಿ. ತಡ ಮಾಡಿದಷ್ಟೂ ಆ ದ್ವಾರದೊಳಗಿನ ಪ್ರಾಣಿಗಳು ಭಯಂಕರವಾಗುತ್ತವೆ, ನಿಮ್ಮ ಜೊತೆ ಹೋರಾಡುವ ಕಾವಲುಗಾರರು ಅದಕ್ಕೆ ತಕ್ಕಂತೆ ಬಲಿಯುವುದಿಲ್ಲ. ಎಲ್ಲ ಮಾಡಿಯೂ ಕಷ್ಟವೆನಿಸಿದರೆ ಸೆಟ್ಟಿಂಗ್‌ನಲ್ಲಿ ಕಠಿಣತೆಯ ಪಟ್ಟಿಯನ್ನು ಸ್ವಲ್ಪ ಎಡಕ್ಕೆ ಸರಿಸಿ.

ಮರುರೂಪದಲ್ಲಿ ಏನು ಬದಲಾಗಿದೆ

2025ರ ಆವೃತ್ತಿಯಲ್ಲಿ ಈ ಲೆಕ್ಕದ ಭಾರ ಇಳಿದಿದೆ. ಎಲ್ಲ ಕೌಶಲಗಳೂ ಲೆವೆಲ್‌ಗೆ ನೆರವಾಗುತ್ತವೆ, ಮುಖ್ಯವಾದವು ಹೆಚ್ಚು, ಉಳಿದವು ಕಡಿಮೆ. ಪ್ರತಿ ಲೆವೆಲ್‌ಗೂ 12 ಅಂಕಗಳು ಕೈಗೆ ಸಿಗುತ್ತವೆ. ಅವನ್ನು ಮೂರು ಗುಣಗಳಿಗೆ, ಒಂದಕ್ಕೆ ಐದಕ್ಕಿಂತ ಹೆಚ್ಚಾಗದಂತೆ, ಇಷ್ಟ ಬಂದಹಾಗೆ ಹಂಚಬಹುದು. ಯಾವ ಕೌಶಲ ಎಷ್ಟು ಏರಿತು ಎಂದು ಎಣಿಸುವ ಅಗತ್ಯವೇ ಇಲ್ಲ. ಲಕ್ ಮಾತ್ರ ಇಲ್ಲೂ ದುಬಾರಿ, ಅದರ ಒಂದು ಅಂಕಕ್ಕೆ ನಾಲ್ಕು ಅಂಕ ತೆರಬೇಕು.

ಇದರಿಂದ ಕ್ಲಾಸ್ ಕಟ್ಟುವವರಿಗೆ ಆಗುವ ವ್ಯತ್ಯಾಸ ದೊಡ್ಡದು. ಬಳಸದ ಕೌಶಲಗಳನ್ನು ಮುಖ್ಯವಾಗಿಸುವ ಹಳೆಯ ಉಪಾಯಕ್ಕೆ ಇಲ್ಲಿ ಅರ್ಥವಿಲ್ಲ. ಕಾಡುಗಾವಲಿಗಿತ್ತಿಯನ್ನು ಮರುರೂಪದಲ್ಲಿ ಕಟ್ಟುವುದಾದರೆ ಇಲ್ಯೂಷನ್ ತೆಗೆದು ಸ್ನೀಕ್ ಸೇರಿಸುತ್ತೇನೆ, ಅವಳು ನಿಜವಾಗಿ ಮಾಡುವ ಕೆಲಸ ಅದೇ ಅಲ್ಲವೇ. ಪ್ರತಿ ಲೆವೆಲ್‌ನ 12 ಅಂಕಗಳಲ್ಲಿ ಎಂಡ್ಯುರೆನ್ಸ್‌ಗೆ 5 ಮೊದಲು ಎತ್ತಿಡುತ್ತೇನೆ. ಈ ಒಂದು ಅಭ್ಯಾಸ ಎರಡೂ ಆಟಗಳಿಗೆ ಸಲ್ಲುತ್ತದೆ. ಪ್ರತಿ ಜನಾಂಗಕ್ಕೂ ಎರಡು ಮೂಲಸ್ಥಳಗಳ ಆಯ್ಕೆ ಹೊಸದಾಗಿ ಸೇರಿದೆ, ಆರಿಸುವ ಮುನ್ನ ಅವು ಆರಂಭದ ಗುಣಗಳನ್ನು ಹೇಗೆ ಬದಲಿಸುತ್ತವೆ ಎಂದು ಓದಿಕೊಳ್ಳಿ.

ಇನ್ನೆರಡು ಕ್ಲಾಸ್‌ಗಳು, ಬೇಗನೆ

ಮದ್ದಿನ ಮಂತ್ರವಾದಿ: ಬ್ರೆಟನ್, ಅಟ್ರೊನಾಕ್ ರಾಶಿ, ಮ್ಯಾಜಿಕ್ ಸ್ಪೆಶಲೈಸೇಶನ್. ಮುಖ್ಯ ಕೌಶಲಗಳು ಡಿಸ್ಟ್ರಕ್ಷನ್, ಕಾಂಜುರೇಶನ್, ಆಲ್ಕೆಮಿ, ರೆಸ್ಟೊರೇಶನ್, ಇಲ್ಯೂಷನ್, ಮರ್ಕಂಟೈಲ್, ಬ್ಲಂಟ್. ಹೊರಡುವ ಮುನ್ನ ಪ್ರತಿ ಬಾರಿ ಇಪ್ಪತ್ತು ಸೀಸೆ ಮದ್ದು ಅರೆದಿಟ್ಟುಕೊಳ್ಳುವ ತಾಳ್ಮೆ ಬೇಕು. ಮೊದಲ ಐದು ಲೆವೆಲ್ ಕಷ್ಟ, ಆಮೇಲೆ ಇವನನ್ನು ತಡೆಯುವವರು ಕಡಿಮೆ.

ಗುರಾಣಿಯ ಯೋಧ: ಆರ್ಕ್ ಅಥವಾ ರೆಡ್‌ಗಾರ್ಡ್, ವಾರಿಯರ್ ರಾಶಿ, ಕಾಂಬ್ಯಾಟ್. ಮುಖ್ಯ ಕೌಶಲಗಳು ಬ್ಲೇಡ್, ಹೆವಿ ಆರ್ಮರ್, ರೆಸ್ಟೊರೇಶನ್, ಮಾರ್ಕ್ಸ್‌ಮನ್, ಸ್ಪೀಚ್‌ಕ್ರಾಫ್ಟ್, ಆಲ್ಕೆಮಿ, ಆಲ್ಟರೇಶನ್. ಗುರಾಣಿಯೇ ಪ್ರಾಣವಾದರೂ ಬ್ಲಾಕ್ ಮುಖ್ಯ ಪಟ್ಟಿಯಲ್ಲಿ ಇಲ್ಲ, ಆರ್ಮರರ್ ಕೂಡ ಇಲ್ಲ. ಕಾರಣ ನಿಮಗೀಗ ಗೊತ್ತು. ಮೊದಲ ಸಲ ಆಡುವ ಗೆಳೆಯರಿಗೆ ನಾನು ಕೊಡುವುದು ಇದನ್ನೇ. ತಪ್ಪು ಮಾಡಿದರೂ ಬದುಕುಳಿಯುವ ಪಾತ್ರ ಇದು.

ಎರಡನ್ನೂ ಇದ್ದಂತೆಯೇ ತೆಗೆದುಕೊಳ್ಳಬೇಡಿ. ವಿಲ್ವೆರಿನ್‌ಗೆ ಕರೆದೊಯ್ದು, ಕೈ ಎತ್ತ ಹೋಗುತ್ತದೆ ನೋಡಿ, ಚರಂಡಿಯ ಬಾಗಿಲಿಗೆ ಮರಳಿ ಬಂದು ತಿದ್ದಿಕೊಳ್ಳಿ.